ಕಾಕು ಹೇಳದ ಹೆಸರು

ನಿನ್ನೆ ಕಮಲಾಪುರದ ಕೆಂಪು ಬಾಳೆಹಣ್ಣು ಸುಲಿಯುತ್ತ ಟಿವಿ ಮುಂದೆ ಕುಳಿತಿದ್ದೆ. ಕ್ವಿಜ್ ನಡೆಸುವಾತ ಯಾರಿಗೋ, "ಅಷ್ಟು ಸಾಲದು, ಸರಿಯಾಗಿ ಹೆಸರು ಹೇಳಿ" ಎಂದ. ಹಣ್ಣಿನ ವಾಸನೆಗೋ ಆ ಮಾತಿಗೋ, ನನಗೆ ಕಾಕು ನೆನಪಾದಳು.

ಕಾಕು ಎಂದರೆ ನಮ್ಮ ಕಾಕಾನ, ಅಂದರೆ ಚಿಕ್ಕಪ್ಪನ, ಹೆಂಡತಿ. ಕಾಕಾ ಕಮಲಾಪುರದಲ್ಲಿ ಮಾಸ್ತರರು. ಅವರ ಮನೆಯಲ್ಲಿ ಟಿವಿ ಇರಲಿಲ್ಲ. ಭಾನುವಾರ ಇಬ್ಬರೂ ಬಸ್ಸು ಹಿಡಿದು ಕಲಬುರಗಿಯ ಜೇವರ್ಗಿ ಕಾಲೋನಿಯ ನಮ್ಮ ಮನೆಗೆ ಬರುತ್ತಿದ್ದರು. ಊಟವಾಗಿ ಕಣ್ಣು ಎಳೆಯುವ ಹೊತ್ತು. ಫ್ಯಾನಿನ ಗಾಳಿಯಲ್ಲಿ ಟಿವಿ ಕ್ವಿಜ್‌ನ ಪ್ರಶ್ನೆಗಳು ಎಲ್ಲಿಂದಲೋ ತೇಲಿ ಬಂದಂತಿರುತ್ತಿದ್ದವು. ಎಲ್ಲರಿಗಿಂತ ಮೊದಲು ಬಾಯಿ ತೆರೆಯುವವಳು ಕಾಕು.

"ಅಂವ ರೀ, ಸೇಬು ಬಿದ್ದದ್ದು ನೋಡಿ ವಿಚಾರ ಮಾಡಿದಾಂವ!"

"ಹಂಗ ನಡಿಯಂಗಿಲ್ಲ. ಹೆಸರು?" ಎನ್ನುತ್ತಿದ್ದರು ಕಾಕಾ.

ನಮ್ಮ ಈ ಮನೆಯಾಟದಲ್ಲಿ ಮಾರ್ಕು ಬರೆಯುವ ಗುಮಾಸ್ತ, ಆಗಿನ್ನೂ ಹುಡುಗನಾಗಿದ್ದ ನಾನು. ಕಾಕುವಿಗೆ ಸೊನ್ನೆ ಸುತ್ತುವುದರಲ್ಲಿ ನನಗೇನು ದೊಡ್ಡಸ್ತಿಕೆ ಅಂತೀರಿ! "ನಿಮ್ಮ ಕಾಕಾ ಒಮ್ಮೆರೆ ಹೌದು ಅನ್ನಲೆಪಾ" ಎಂದು ಆಕೆ ನಗುತ್ತಿದ್ದಳು. ನಗುತ್ತಿದ್ದರೂ ಆಸೆ ನಿಜವಾದದ್ದೇ.

ಮುಂದೊಮ್ಮೆ ಕಲಬುರಗಿಯ ಕೇಬಲ್‌ನವರು ಹೆಣ್ಣುಮಕ್ಕಳಿಗಾಗಿ ಕ್ವಿಜ್ ಇಟ್ಟರು. ಕಾಕುವಿನ ಅರ್ಜಿ ತುಂಬಿದವರು ಕಾಕಾ. ಆಕೆಯ ಮುಂದಿಟ್ಟ ಫಲಕದಲ್ಲಿ 'ಶ್ರೀಮತಿ ಪ್ರಹ್ಲಾದರಾವ್' ಎಂದಿತ್ತು. ಕೊನೆಯ ಪ್ರಶ್ನೆ ಬಂತು: ಹಿರಣ್ಯಕಶಿಪುವಿನ ಮಗ ಯಾರು?

ಪ್ರೇಕ್ಷಕರ ನಡುವೆ ಕುಳಿತಿದ್ದ ನಾನು ಕುಣಿದೆ. ಕಾಕು ಸೆರಗು ಬಾಯಿಗೆ ಹಿಡಿದಳು. ನಾಲ್ಕು ಜನರೆದುರು ಗಂಡನ ಹೆಸರು ಹೇಗೆ ಹೇಳಿಯಾಳು, ನೀವೇ ಹೇಳಿ.

"ಕಂಬದಾಗಿಂದ ನರಸಿಂಹನ್ನ ಕರಸಿದಾಂವ ರೀ."

"ಹೆಸರು ಹೇಳಬೇಕಮ್ಮಾ."

"ಇಲ್ಲೇ ಬರದದ ನೋಡ್ರಿ," ಎಂದು ಫಲಕ ತೋರಿಸಿದಳು.

"ಬಾಯಿಂದಲೇ ಹೇಳಬೇಕು."

ಗಂಟೆ ಹೊಡೆಯಿತು. ಉತ್ತರ ತಪ್ಪೆಂದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಕಾಕಾ ಎದ್ದು ನಿಂತು ಕೂಗಿದರು: "ಹೌದು! ಆಕಿ ಹೇಳಿದ್ದು ಬರೋಬ್ಬರಿ ಅದ ರೀ!"

ಬಹುಮಾನ ಬರಲಿಲ್ಲ. ಕಾಕು ಮಾತ್ರ ಕಮಲಾಪುರದ ಬಸ್ಸು ಹತ್ತುವವರೆಗೂ ನಗುತ್ತಲೇ ಇದ್ದಳು. ಅಂಥ ಖುಷಿಯನ್ನು ನಾನು ಮತ್ತೆ ಯಾರ ಮುಖದಲ್ಲೂ ಕಂಡಿಲ್ಲ.

ಇದನ್ನೆಲ್ಲ ನಿನ್ನೆ ಮಗಳಿಗೆ ಹೇಳಿದೆ. ಆಕೆ ನಕ್ಕು, "ಕಾಕಾನ ಹೆಸರು ತಿಳೀತು. ಕಾಕುನ ಹೆಸರೇನಪ್ಪಾ?" ಎಂದಳು.

ನನಗೆ ಗೊತ್ತಿರಲಿಲ್ಲ. ಕೇಳೋಣವೆಂದರೆ ಈಗ ಇಬ್ಬರೂ ಇಲ್ಲ. ನಾಚಿಕೆಯಾಗಿ ಅವ್ವನಿಗೆ ಫೋನು ಹಚ್ಚಿದೆ.

ಅವ್ವ ಕೇಳಿದಳು: "ಮದಿವ್ಯಾಗ ಆಕಿ ಹೆಸರು ಬದಲಿ ಮಾಡಿದ್ರಪಾ. ತವರಮನ್ಯಾಗ ಇಟ್ಟದ್ದು ಹೇಳಲೋ, ನಾವು ಇಟ್ಟದ್ದು ಹೇಳಲೋ?"