ವಾನರನ ಮೆದುಳಿನ ಭಾಷಣ ಬರೆದವಳು

ಆ ಭಾಷಣ ನಿನ್ನದಲ್ಲ, ನನ್ನದು, ಸಂಜನಾ. ಟೆಕ್ಸಾಸಿನ ಸೀಡರ್ ಪಾರ್ಕಿನಲ್ಲಿ, ನಿಮ್ಮ ಪಕ್ಕದ ನಮ್ಮ ಮನೆಯ ಅಡುಗೆಮನೆಯಲ್ಲಿ ಕೂತು ಒಂದೊಂದು ಸಾಲನ್ನೂ ನಾನೇ ಬರೆದು ನಿನಗೆ ಬಾಯಿಪಾಠ ಮಾಡಿಸಿದ್ದೆ. ಆಗ ನಿನಗೆ ಹನ್ನೆರಡು. ಆರು ವರ್ಷ ಈ ಮಾತನ್ನು ನುಂಗಿಕೊಂಡೇ ಇದ್ದೆ — ನಾಚಿಕೆಗೆಟ್ಟವಳು.

ಭಾಷಣಕ್ಕೆ ವಿಕ್ಟೋರಿಯಾ ರಾಣಿಯ ಕಾಲದ ಒಬ್ಬ ನಿಸರ್ಗವಿಜ್ಞಾನಿಯನ್ನು ಆರಿಸಿದ್ದೂ ನಾನೇ. ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದಾಗಿನಿಂದ ಅವನೆಂದರೆ ನನಗೆ ಪ್ರಾಣ. ಮನುಷ್ಯನ ಮೆದುಳಿನಲ್ಲಿ ಮಾತ್ರ ಒಂದು ಪುಟ್ಟ ಉಬ್ಬಿದೆ, ಅದು ಬೇರೆ ಯಾವ ಪ್ರಾಣಿಗೂ ಇಲ್ಲ ಎಂದು ಆ ಕಾಲದ ಮಹಾಪಂಡಿತನೊಬ್ಬ ಸಾಧಿಸುತ್ತಿದ್ದ. ವಾನರನ ಮೆದುಳಿನಲ್ಲೂ ಅದೇ ಉಬ್ಬಿದೆ, ಮನುಷ್ಯನೂ ಅದೇ ಬಳಗದವನು ಎಂದು ಇವನು ಎದುರು ನಿಂತ. "ಹೆದರಬೇಡ ಪುಟ್ಟಿ, ಇರೋದನ್ನ ಇದ್ದ ಹಾಗೆ ಹೇಳು," ಎಂದು ನಿನಗೆ ಕಲಿಸಿದೆ — ಎಂಥ ಬಾಯಿ ನನ್ನದು!

ಹತ್ತಾರು ಮನೆಯವರು ಸೇರಿ ಮಾಡುತ್ತಿದ್ದ ಯುಗಾದಿಯಲ್ಲಿ ನೀನು ಒಂದಕ್ಷರ ತಪ್ಪದೆ ಹೇಳಿದೆ. ಮುಗಿಯುತ್ತಲೇ ನಮ್ಮ ಹುಬ್ಬಳ್ಳಿ ಅಂಕಲ್ ಮೈಕ್ ಹಿಡಿದರು.

"ನಮ್ಮ ದಶಾವತಾರದಾಗ ಇದೆಲ್ಲಾ ಮೊದ್ಲ ಐತಲ್ರಿ! ಮೀನು, ಆಮಿ, ಹಂದಿ — ಇನ್ನೇನ್ ಬೇಕು? ಈ ಹುಡುಗಿಗೆ ಮಂಗ್ಯಾನ ಕಥಿ ಯಾರ್ ಕಲಿಸಿದ್ರು? ಮೇಡಂ, ನೀವೇನು?"

ಅವತಾರಗಳಿಗೆ ನಾನೂ ಕೈ ಮುಗಿಯುತ್ತೇನೆ. ಆದರೆ ಅದು ಜೀವವಿಕಾಸದ ಪಾಠವಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಇಲ್ಲಿ ಶುರುವಾಗಲಿದ್ದ ಹೊಸ ಕನ್ನಡ ಶಾಲೆಗೆ ಮುಖ್ಯಸ್ಥೆಯನ್ನು ಆರಿಸುವವರು ಈ ಅಂಕಲ್ಲೇ ಎಂಬುದೂ ಗೊತ್ತಿತ್ತು.

"ಅಯ್ಯೋ, ನಾನಲ್ಲ ಅಂಕಲ್," ಎಂದೆ. "ದಶಾವತಾರದಲ್ಲೇ ಎಲ್ಲಾ ಇದೆಯಲ್ಲ."

ಚಪ್ಪಾಳೆಯೋ ಚಪ್ಪಾಳೆ! ಹೊರಗೆ ಪಾರ್ಕಿಂಗ್‌ನಲ್ಲಿ ನಿನ್ನ ಅಪ್ಪ, ಯಾರು ಬರೆದುಕೊಟ್ಟರು ಹೇಳು ಎಂದು ನಿನ್ನನ್ನು ಎಲ್ಲರೆದುರು ಗದರುತ್ತಿದ್ದರು. ನೀನು ಒಮ್ಮೆ ನನ್ನತ್ತ ನೋಡಿದೆ.

"ಇಂಟರ್ನೆಟ್, ಅಪ್ಪಾ. ಐ ಕಾಪೀಡ್ ಇಟ್."

ನನ್ನ ಮಾನ ಕಾಯಲು ನೀನು ಸುಳ್ಳು ಹೇಳಿದೆ. ನಾನು — ನಾನು ಸುಮ್ಮನೆ ಕಾರು ಹತ್ತಿದೆ. ಮಾಡಿದವಳು ನಾನು, ಉಂಡವಳು ನೀನು. ಶಾಲೆ ನನಗೆ ಸಿಕ್ಕಿತು. ನೀನು ಅದರ ಹೊಸ್ತಿಲು ತುಳಿಯಲಿಲ್ಲ, ಮತ್ತೆ ಯಾವ ಮೈಕನ್ನೂ ಹಿಡಿಯಲಿಲ್ಲ. ಆ ಅಂಕಲ್ ತಿಳಿಯದೆ ಮಾತಾಡಿದರು. ನಾನು ತಿಳಿದೂ...

ನೀನೀಗ ದೂರದ ರಿಚರ್ಡ್‌ಸನ್‌ನಲ್ಲಿ ಕಾಲೇಜು ಓದುತ್ತಿದ್ದೀಯ. ಈ ಭಾನುವಾರ ಇಲ್ಲಿ ನಮ್ಮ ಶಾಲೆಯ ವಾರ್ಷಿಕೋತ್ಸವ. ನಿನ್ನ ಅಪ್ಪನನ್ನು ಮುಂದಿನ ಸಾಲಿಗೇ ಕರೆದಿದ್ದೇನೆ. ಬರೆದವಳು ನಾನು ಎಂದು ಹೇಳಿ, ಆ ಭಾಷಣವನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಓದುತ್ತೇನೆ. ನೀನು ಬರಬೇಕೆಂದು ಕೇಳುವುದಿಲ್ಲ. ಕ್ಷಮಿಸು ಎಂದೂ ಕೇಳುವುದಿಲ್ಲ.