ಕಾಲು ನೆಲಕ್ಕೆ ತಾಗಬಾರದು

ನಾನು ಅಥಣಿಯ ಒಂದು ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದಾಗ, ಊರ ಮೈದಾನದಲ್ಲಿ ಒಬ್ಬ ಹಗಲು ರಾತ್ರಿ ಸೈಕಲ್ ತುಳಿಯುತ್ತಿದ್ದ. ವಾರ ಮುಗಿಯುವವರೆಗೆ ಕಾಲು ನೆಲಕ್ಕೆ ತಾಗಬಾರದೆಂಬುದು ಪಣ. ನಡುವೆ ಒಂದು ದಿನ ಆ ಆಟ ನಡೆಸುವವನು ಓಡಿಬಂದ.

"ಬಾಯಾರ, ಅವಂಗ ಒಂದ್ ಸಲೈನ್ ಹಚ್ಚರಿ. ಬಾಟ್ಲಿ ಹ್ಯಾಂಡಲ್‌ಗೆ ಕಟ್ಟತೀವಿ."

ನನಗೆ ಮೈಯೆಲ್ಲ ಉರಿಯಿತು. ಹೋಗಿ ನೋಡಿದರೆ ಸವಾರನ ಉಸಿರು ಕೊಳೆತ ಹಣ್ಣಿನಂತೆ ನಾರುತ್ತಿತ್ತು.

"ಊಟ ಕೊಟ್ಟಿಲ್ಲವೇ?"

"ಉಂಡ್ರ ಸಂಡಾಸಕ್ಕ ಇಳೀಬೇಕಾಗತೈತ್ರಿ. ಮೊನ್ನಿಂದ ಬರೇ ನೀರು."

"ಮೈಯೊಳಗಿನ ಸಕ್ಕರೆ ತೀರಿ ಕೊಬ್ಬು ಉರಿಯುತ್ತಿದೆ. ಅದರ ಜೊತೆಗೆ ದೇಹ ತನ್ನ ಮಾಂಸವನ್ನೇ ತಿನ್ನುತ್ತಿದೆ. ಸಾಯುತ್ತಾನೆ, ಇಳಿಸಿ!"

"ಮಂದಿ ನಗತಾರ್ರೀ!"

"ನಗಲಿ."

ಕೊನೆಗೆ ನಾಲ್ವರು ಅವನನ್ನು ಎತ್ತಿಕೊಂಡೇ ಬಂದರು, ಕಾಲು ನೆಲಕ್ಕೆ ತಾಗಿಸದೆ. ಡಾಕ್ಟರು ಗ್ಲುಕೋಸ್ ಹಾಕಿಸಿದರು. ಕಣ್ಣು ಬಿಟ್ಟವನು ಕೈ ಮುಗಿಯುತ್ತಾನೆಂದುಕೊಂಡೆ.

"ಬಾಯಾರ, ಬೆಡ್‌ಪ್ಯಾನ್ ಕೊಡ್ರಿ. ಕಾಲ ನೆಲಕ್ಕ ಇಡಾಂಗಿಲ್ಲ ನಾ. ಪಣ ಇನ್ನೂ ಮುಗದಿಲ್ಲ."

ನನ್ನ ವಾರ್ಡಿನಲ್ಲಿ ಬೆಡ್‌ಪ್ಯಾನ್ ನಡೆಯಲಾಗದವರಿಗೆ ಮಾತ್ರ. ಮರುದಿನ, ಅವನಿಗೆ ಶಕ್ತಿ ಬಂದ ಮೇಲೆ, ಎದುರು ನಿಂತು ನಾನೇ ನಡೆಸಿದೆ. ಅನ್ನ ಬಿಡಿಸಿ ಕಾಪಾಡಿದ ಪಣ ಕೊನೆಗೆ ಸೋತದ್ದು ಸಂಡಾಸಕ್ಕೇ.