ಅಜ್ಜಿಗೆ ಇವತ್ತು ಊಟ ಇಲ್ಲ

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ ಜಯನಗರದ ನಮ್ಮ ಮನೆಯ ಮಹಡಿಗೆ ಒಂದು ಪಾದ್ರಿ ಸಂಸಾರ ಬಾಡಿಗೆಗೆ ಬಂತು. ಗಂಡ, ಹೆಂಡತಿ, ಒಬ್ಬಳು ಪುಟ್ಟ ಮಗಳು. ಯಾವುದೋ ಹಿಮ ಬೀಳುವ ದೇಶದವರು. ಮನೆಯೊಳಗೆ ಮಾಂಸ ಬೇಯಿಸಬಾರದು ಎಂಬುದೊಂದೇ ಅಪ್ಪ ಹಾಕಿದ ಷರತ್ತು. ಅವರು ಒಪ್ಪಿದರು, ಮಾತಿಗೆ ತಪ್ಪಲೂ ಇಲ್ಲ. "ಇದೇನು ಸಾರ್, ಮಡಿ ಮನೆ ನೆತ್ತಿ ಮೇಲೆ ಪಾದ್ರೀನ ತಂದು ಕೂರಿಸ್ಕೊಂಡ್ರಿ" ಎಂದು ಬೀದಿಯವರು ಕೆಣಕಿದರೆ ಅಪ್ಪ, "ಅವರು ಮೇಲಿದ್ದಾರೆ, ನಾವು ಕೆಳಗಿದ್ದೀವಿ. ಮಧ್ಯೆ ಗಟ್ಟಿ ಆರ್‌ಸಿಸಿ ಇದೆ" ಎನ್ನುತ್ತಿದ್ದರು.

ನಾನಾಗ ಕಾಲೇಜಿಗೆ ಹೋಗುತ್ತಿದ್ದೆ. ಮೂಗಿನ ತುದಿಯಲ್ಲೇ ಕೋಪ, ಬಾಯಿ ಅದಕ್ಕಿಂತ ಮುಂದೆ. ಈ ಜನ ಹೊಟ್ಟೆಪಾಡಿಗೆ ಏನು ಮಾಡುತ್ತಾರೆ ಎನ್ನುವುದು ನನಗೆ ಬಗೆಹರಿಯದ ಪ್ರಶ್ನೆಯಾಗಿತ್ತು. ಗಂಡ ಬೆಳಿಗ್ಗೆ ಮೋಟರ್‌ಬೈಕ್ ಹತ್ತಿ ಬೇಗೂರಿನ ಕಡೆ ಹಳ್ಳಿಗಳಿಗೆ ಹೋಗುವುದು, ಅಲ್ಲಿ ಹಾಡು ಹೇಳಿಸುವುದು, ಮಕ್ಕಳಿಗೆ ಹಾಲಿನ ಪುಡಿ ಹಂಚುವುದು, ಸಂಜೆ ಮೈಯೆಲ್ಲ ಧೂಳಾಗಿ ವಾಪಸ್ ಬರುವುದು. ಆಫೀಸಿಲ್ಲ, ಅಂಗಡಿಯಿಲ್ಲ. ಆದರೆ ಬಾಡಿಗೆ ಮಾತ್ರ ತಪ್ಪದೆ ಬರುತ್ತಿತ್ತು.

ಒಂದು ದಿನ ಪಾದ್ರಿಯ ಹೆಂಡತಿಯನ್ನೇ ಕೇಳಿದೆ. ಆಕೆ ಯಾರೋ ಪಂಡಿತರ ಹತ್ತಿರ ಕನ್ನಡ ಕಲಿತವರು. ಬಾಯಿ ತೆರೆದರೆ ಪಠ್ಯಪುಸ್ತಕ.

"ನಮ್ಮ ದೇಶದ ಕ್ರೈಸ್ತ ಸಭೆಗಳ ಜನರು ನಮಗೆ ಕಾಣಿಕೆ ನೀಡುವರು. ಕೆಲವು ವರ್ಷಗಳಿಗೊಮ್ಮೆ ನಾವು ಅಲ್ಲಿಗೆ ಹೋಗಿ, ಚಿತ್ರಗಳನ್ನು ತೋರಿಸಿ, ನಮ್ಮ ಸೇವೆಯನ್ನು ವಿವರಿಸುವೆವು" ಎಂದರು.

ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಅಂತ ನಾನು ಅಡುಗೆಮನೆಯಲ್ಲಿ ಬಂದು ಆಡಿಕೊಂಡೆ. ಅಜ್ಜಿ ಬತ್ತಿ ಹೊಸೆಯುತ್ತ ಕೂತಿದ್ದಳು.

"ನಮ್ಮ ಬೀದಿ ಹುಡುಗ್ರು ಗಣೇಶನ್ನ ಕೂರಿಸೋಕೆ ಚಂದಾ ಎತ್ತಲ್ವೇನೆ?" ಎಂದಳು.

"ಅವರು ಗಣೇಶನ್ನ ತೋರಿಸಿ ಎತ್ತುತ್ತಾರೆ. ಇವರು ಯಾರನ್ನ ತೋರಿಸಿ ಎತ್ತುತ್ತಾರೆ?"

ಅದಕ್ಕೆ ಅಜ್ಜಿ, "ನಿನ್ನ ಬಾಯಿಗೆ ಬೀಗ ಹಾಕೋನು ಎಲ್ಲಿ ಹುಟ್ಟಿದಾನೋ" ಅಂತ ಬತ್ತಿ ಹೊಸೆಯುವುದನ್ನು ಮುಂದುವರಿಸಿದಳು.

ಅಜ್ಜಿ ಅಂದರೆ ಅಪ್ಪನ ತಾಯಿ. ಅಪ್ಪ ಇನ್ನೂ ಮಗುವಾಗಿದ್ದಾಗಲೇ ತಾತ ಹೋಗಿದ್ದರು. ಕಂಡವರ ಮನೆಯಲ್ಲಿ ಅಡುಗೆ ಮಾಡಿ ಅಜ್ಜಿ ಮಗನನ್ನು ಓದಿಸಿದಳು. ಮೊದಲ ಸಂಬಳ ಬಂದ ದಿನ ಅಪ್ಪ, "ಇನ್ಮೇಲೆ ನೀನು ಯಾರ ಮನೆ ಒಲೇನೂ ಹಚ್ಚಬಾರದಮ್ಮ" ಎಂದರಂತೆ. ಆಮೇಲೆ ಅವಳು ಹಚ್ಚಿದ್ದು ತನ್ನ ಮಡಿಯ ಒಲೆ ಒಂದನ್ನೇ. ತನ್ನ ಅಡುಗೆ ತಾನೇ ಮಾಡಿಕೊಳ್ಳುವಳು. ಊಟ ಮುಗಿಯುವ ತನಕ ಯಾರೂ ಅವಳನ್ನು ಮುಟ್ಟುವಂತಿಲ್ಲ, ಮೊಮ್ಮಗಳಾದ ನಾನೂ. ಒಬ್ಬಳೇ ಗೋಡೆ ಕಡೆ ಮುಖ ಮಾಡಿ ಉಣ್ಣುವಳು. ಬೀರುವಿನ ತುಂಬ ಅಪ್ಪ ತಂದ ಒಳ್ಳೆ ಸೀರೆಗಳಿದ್ದರೂ ಮಡಿಗೆ ಉಡುತ್ತಿದ್ದದ್ದು ಬಣ್ಣ ಹೋದ, ತೇಪೆ ಹಾಕಿದ ಹಳೆಯ ನೂಲಿನ ಸೀರೆ. ಏಕಾದಶಿ ಬಂದರೆ ಇಡೀ ದಿನ ಒಂದು ತೊಟ್ಟು ನೀರೂ ಇಲ್ಲ. ಮಾರನೆಯ ದಿನ ದ್ವಾದಶಿ, ಹೊತ್ತು ಮೂಡುತ್ತಲೇ ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ ಮಾಡಿ ಉಪವಾಸ ಬಿಡುವಳು. ಅದಕ್ಕೆ ಪಾರಣೆ ಎನ್ನುತ್ತಾರೆ. ಅವಳ ಪಾರಣೆ ಆಗುವ ತನಕ ಅಪ್ಪ ಕಾಫಿ ಮುಟ್ಟುತ್ತಿರಲಿಲ್ಲ. ಕಾಫಿ ಕುಡಿಯದ ಅಪ್ಪನ ಹತ್ತಿರ ಬೆಕ್ಕೂ ಸುಳಿಯುತ್ತಿರಲಿಲ್ಲ.

ಒಂದು ಏಕಾದಶಿಯ ಬೆಳಿಗ್ಗೆ ಅಜ್ಜಿ ಹಿತ್ತಲಲ್ಲಿ ಕರಿಬೇವಿನ ಗಿಡದ ಪಕ್ಕ ಕೂತಿದ್ದಳು. ಮೇಲಿನ ಮನೆಯಾಕೆ ಮಗಳ ಕೈ ಹಿಡಿದು ಬಾಳೆಹಣ್ಣಿನ ಚಿಪ್ಪು ತಂದರು. ನಾನು ಪಕ್ಕದಲ್ಲೇ ತಲೆ ಒಣಗಿಸಿಕೊಳ್ಳುತ್ತಿದ್ದೆ.

"ಬೇಡಮ್ಮ, ನನಗೆ ಇವತ್ತು ಊಟ ಇಲ್ಲ" ಎಂದಳು ಅಜ್ಜಿ.

"ಊಟ ಇಲ್ಲವೇ?"

"ಇಲ್ಲ. ನೀರೂ ಇಲ್ಲ."

"ನಾಳೆ?"

"ನಾಳೆ ಬೆಳಿಗ್ಗೆ ಅವನು ಕೊಟ್ಟರೆ ಉಂಟು" ಎಂದು ಅಜ್ಜಿ ಕೈ ಮೇಲೆತ್ತಿ ತೋರಿಸಿದಳು. ಅವಳು ತೋರಿಸಿದ್ದು ದೇವರನ್ನು. ಆದರೆ ಆ ಬೆರಳಿನ ದಾರಿಯಲ್ಲೇ, ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ, ಅಪ್ಪ ಹಲ್ಲುಜ್ಜುತ್ತ ನಿಂತಿದ್ದರು.

ಆಕೆಯ ಕಣ್ಣು ತುಂಬಿತು. ಒಂದು ಚಿತ್ರ ತೆಗೆಯಬಹುದೇ ಎಂದು ಕೇಳಿದರು. ಮುಟ್ಟದೆ ದೂರದಿಂದ ತೆಗೆಯುವುದಾದರೆ ಅಜ್ಜಿಗೆ ಅಡ್ಡಿಯಿರಲಿಲ್ಲ. ಫೋಟೋದಲ್ಲಿ ನಗಬಾರದು ಎಂಬುದು ಅವಳ ಕಾಲದ ಶಿಸ್ತು. ಮುಖ ಬಿಗಿ ಮಾಡಿಕೊಂಡು ಕೂತಳು. ಮಾರನೆಯ ದಿನ ಹಿತ್ತಲ ಬಾಗಿಲಲ್ಲಿ ಒಂದು ಡಬ್ಬಿ ಹಾಲಿನ ಪುಡಿ ಇತ್ತು. ಮೇಲಿನವರು ವಿಶ್ವಾಸಕ್ಕೆ ಇಟ್ಟಿದ್ದಾರೆ ಅಂದುಕೊಂಡ ಅಜ್ಜಿ ಪುಡಿಯನ್ನು ಅಮ್ಮನಿಗೆ ಕೊಟ್ಟಳು. ಖಾಲಿ ಡಬ್ಬಿ ವಾಪಸ್ ಮಾಡಬಾರದಲ್ಲ, ಚಕ್ಕುಲಿ ತುಂಬಿ ಮೇಲೆ ಕಳಿಸಿದಳು. ನಾನು ಇದನ್ನೆಲ್ಲ ಕಣ್ಣಾರೆ ನೋಡಿದೆ, ಏನೂ ಹೊಳೆಯಲಿಲ್ಲ. ಅಷ್ಟು ಬುದ್ಧಿವಂತೆ ನಾನು.

ಆ ಪುಟ್ಟ ಹುಡುಗಿ ಮಾತ್ರ ಪಂಡಿತರ ಕನ್ನಡ ಕಲಿಯಲಿಲ್ಲ. ಬೀದಿಯಲ್ಲಿ ಕುಂಟೆಬಿಲ್ಲೆ ಆಡಿ ಆಡಿ ನಮ್ಮ ಹಾಗೇ ಮಾತಾಡುವುದನ್ನು ಕಲಿತಿದ್ದಳು. "ಅಜ್ಜಿ, ನಮ್ಮೂರಲ್ಲಿ ಹಿಮ ಬೀಳತ್ತೆ, ಸಖತ್ತಾಗಿರತ್ತೆ" ಎಂದು ಅವಳು ಹೇಳಿದಾಗಿನಿಂದ ಅಜ್ಜಿಗೆ ಹಿಮ ನೋಡುವ ಹುಚ್ಚು ಹಿಡಿಯಿತು. ಅವರು ತಮ್ಮ ದೇಶಕ್ಕೆ ಹೊರಡುವ ದಿನ ಹತ್ತಿರ ಬಂದಿತ್ತು. ಅದೇ, ಚಿತ್ರ ತೋರಿಸಿ ಕಾಣಿಕೆ ಎತ್ತುವ ಪ್ರವಾಸ. ಹೊರಡುವ ಮುಂಚೆ ಅಜ್ಜಿಗೆ ಹಿಮ ತೋರಿಸಿಯೇ ಹೋಗುವುದು ಅಂತ ನಿರ್ಧಾರವಾಯಿತು.

ಕತ್ತಲಾಗುತ್ತಿದ್ದಂತೆ ಹಿತ್ತಲ ಹಗ್ಗಕ್ಕೆ ಅಪ್ಪನ ಬಿಳಿ ಪಂಚೆ ಕಟ್ಟಿದೆವು. ಗಂಡ ಸ್ಲೈಡ್ ಯಂತ್ರ ತಂದಿಟ್ಟರು. ಅಪ್ಪ ಅಮ್ಮ ಬೆಂಚಿನ ಮೇಲೆ, ಅಜ್ಜಿ ದೂರದಲ್ಲಿ ಮಣೆಯ ಮೇಲೆ. ಪಂಚೆಯ ಮೇಲೆ ಹಿಮ ಬಿತ್ತು. "ಅಯ್ಯೋ, ಇಡ್ಲಿ ಹಿಟ್ಟು ಉಕ್ಕಿದ ಹಾಗಿದೆಯಲ್ಲೆ" ಎಂದಳು ಅಜ್ಜಿ. ಎಲ್ಲರೂ ನಕ್ಕೆವು. ಹಿಮ ಮುಗಿಯಿತು. ಆತ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಮುಂದಿನದು ಬೇಗೂರಿನ ಕೆರೆ. ಅದರ ಮುಂದಿನದು ಅಜ್ಜಿ. ತೇಪೆ ಸೀರೆ, ಬಿಗಿದ ಮುಖ, ಹಿಂದೆ ಕರಿಬೇವಿನ ಗಿಡ.

"ಅಜ್ಜಿ, ನೀವೇ" ಎಂದು ಹುಡುಗಿ ಕುಣಿದಳು. ಅವಳ ಅಪ್ಪ ಅಮ್ಮ ಮೇಲಿನ ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದ ಭಾಷಣ ಅವಳಿಗೆ ಬಾಯಿಪಾಠವಾಗಿತ್ತು. ನಮಗೆ ಅರ್ಥವಾಗಲಿ ಅಂತ ಪಾಪ, ಕನ್ನಡದಲ್ಲೇ ಒಪ್ಪಿಸಿದಳು. "ಇವರು ವಿಧವೆ ಅಜ್ಜಿ. ಇವರನ್ನ ಮನೇಲಿ ಯಾರೂ ಮುಟ್ಟಲ್ಲ. ಹರಿದ ಸೀರೆ ಕೊಡ್ತಾರೆ. ಇವರಿಗೆ ಊಟ ಇಲ್ಲ, ನೀರೂ ಇಲ್ಲ. ಮಗ ಕೊಟ್ರೆ ಉಂಟು, ಇಲ್ಲಾಂದ್ರೆ ಇಲ್ಲ. ಆದ್ರೂ ಅವರ ಹತ್ರ ಇದ್ದಿದ್ದ ಚಕ್ಕುಲೀನೆಲ್ಲ ನಮಗೆ ಕೊಟ್ಟುಬಿಟ್ರು."

ಅಪ್ಪ ಎದ್ದು ಒಳಗೆ ಹೋದರು. ಬಾಗಿಲನ್ನು ಮೆಲ್ಲಗೇ ಹಾಕಿಕೊಂಡರು. ನನಗೆ ಬಂದ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ಆ ದಂಪತಿಯ ಮೇಲೆ ಸುರಿದೆ. ನಮ್ಮ ಅಜ್ಜಿಯನ್ನು ಊರೂರಿಗೆ ಹೊತ್ತುಕೊಂಡು ಹೋಗಿ ಭಿಕ್ಷೆ ಎತ್ತುತ್ತೀರಾ, ನಮ್ಮಪ್ಪನನ್ನು ಲೋಕದ ಮುಂದೆ ಕಟುಕನನ್ನಾಗಿ ಮಾಡುತ್ತೀರಾ, ಮನೆ ಖಾಲಿ ಮಾಡಿ ಎಂದೆ. ಆತ ಯಂತ್ರದ ದೀಪ ಆರಿಸಿ ತಲೆ ತಗ್ಗಿಸಿ ನಿಂತುಬಿಟ್ಟರು.

"ನೀನು ಸ್ವಲ್ಪ ಸುಮ್ಮನಿರೆ" ಎಂದಳು ಅಜ್ಜಿ. ಆಮೇಲೆ ಆಕೆಯ ಕಡೆ ತಿರುಗಿದಳು. "ನನಗೆ ಊಟ ಇಲ್ಲ ಅಂತ ನಿಮಗೆ ಯಾರಮ್ಮ ಹೇಳಿದ್ದು?"

"ತಾವೇ ಹೇಳಿದಿರಿ" ಎಂದರು ಆಕೆ, ಅಳುವಿನ ನಡುವೆ.

ಅಜ್ಜಿ ಯೋಚಿಸಿದಳು. ಹೌದು, ಹೇಳಿದ್ದಳು. ತಿಂಗಳಿಗೆ ಎರಡು ಸಲ ಹೇಳುತ್ತಿದ್ದಳು. ಅವಳಿಗೆ ನಗು ತಡೆಯಲಾಗಲಿಲ್ಲ. ಆದರೆ ಮುಚ್ಚಿದ ಬಾಗಿಲು ಕಣ್ಣಿಗೆ ಬಿದ್ದು ನಗು ನಿಂತಿತು. "ನನಗೇನಾದರೂ ಅನ್ನಿ. ಕಂಡವರ ಮನೇಲಿ ಒಲೆ ಊದಿದೋಳು, ನನಗೆ ಮಾನ ಅವಮಾನ ಎಲ್ಲ ಅರಗುತ್ತೆ. ನನ್ನ ಮಗ ನನಗೆ ಅನ್ನ ಹಾಕಲ್ಲ ಅಂತ ಮಾತ್ರ ಅನ್ನಬೇಡಿ" ಎಂದಳು. ಏಕಾದಶಿ ಅಂದರೇನು, ಮಡಿ ಅಂದರೇನು ಅಂತ ಆಮೇಲೆ ನಾನು ವಿವರಿಸಿದೆ. ಸೌಜನ್ಯದಿಂದ ವಿವರಿಸಿದೆ ಎಂದು ಹೇಳಲಾರೆ.

ಅವರು ಹೊರಡುವ ಮುಂಚೆ ಇನ್ನೊಂದು ದ್ವಾದಶಿ ಇತ್ತು. ಅಜ್ಜಿ ಸಂಸಾರ ಸಮೇತ ಕರೆದಳು. ಸೂರ್ಯ ಸರಿಯಾಗಿ ಏಳುವ ಮುಂಚೆ ಆ ಮೂವರೂ ಕಣ್ಣುಜ್ಜುತ್ತ ನಡುಮನೆಯಲ್ಲಿ ಬಂದು ಕೂತರು. ಅಮ್ಮ ಅವರಿಗೆ ಬಡಿಸಿದಳು. ಅಜ್ಜಿ ಒಳಗೆ ತನ್ನ ಎಲೆ ಮುಂದೆ ಕೂತು, "ಇವತ್ತು ನೀನು ಬಡಿಸೋ" ಎಂದು ಅಪ್ಪನನ್ನು ಕರೆದಳು. ಮಡಿಯುಟ್ಟ ಅಪ್ಪ ಬಾಗಿ ತಾಯಿಯ ಎಲೆಗೆ ಪಲ್ಯ ಬಡಿಸಿದರು. ಬಾಗಿಲಾಚೆ ನಿಂತಿದ್ದ ಆಕೆಗೆ ಅಜ್ಜಿ, "ಈಗ ತೆಗಿ. ಅದನ್ನ ಬಿಸಾಕಿ ಇದನ್ನ ತೋರಿಸು" ಎಂದಳು. ಈ ಸಲ ಅವಳು ನಕ್ಕಳು. ಅಪ್ಪ ತಾಯಿಯ ಮಾತು ಮೀರಲಾರದೆ ನಿಂತಿದ್ದರು ಅಷ್ಟೇ, ಕ್ಯಾಮೆರಾ ಕಡೆ ನೋಡಲಿಲ್ಲ. ಆ ರಾತ್ರಿ ಹಾಕಿಕೊಂಡ ಬಾಗಿಲನ್ನು ಅವರು ಇನ್ನೂ ತೆಗೆದಿರಲಿಲ್ಲ. ಮೇಲಿನವರ ಜೊತೆ ಮಾತಾಡುವುದನ್ನೇ ಬಿಟ್ಟಿದ್ದರು.

ಆಕೆ ಆ ಫೋಟೋ ತೋರಿಸುತ್ತಾರೆ ಎಂದು ನಾನು ನಂಬಲಿಲ್ಲ. ಹೊಟ್ಟೆ ತುಂಬಿದ ಮುದುಕಿಯನ್ನು ನೋಡಿ ಯಾರ ಜೇಬು ಸಡಿಲವಾಗುತ್ತದೆ? ಅಜ್ಜಿಯ ಹತ್ತಿರ ಹೇಳಿಯೂ ಹೇಳಿದೆ. "ಉಪ್ಪು ತಿಂದೋಳು, ತೋರಿಸ್ತಾಳೆ ಬಿಡು" ಎಂದಳು.

ಎಷ್ಟೋ ತಿಂಗಳಾದ ಮೇಲೆ ವಾಪಸ್ ಬಂದರು. ಆಕೆ ಇಳಿದುಹೋಗಿದ್ದರು. ಹಿತ್ತಲಿಗೆ ಬಂದು ಅಜ್ಜಿಯಿಂದ ದೂರದಲ್ಲಿ, ಸರಿಯಾಗಿ ಮಡಿಯ ಅಂತರ ಬಿಟ್ಟು ಕೂತರು.

"ತೋರಿಸಿದೆಯಾ?" ಎಂದಳು ಅಜ್ಜಿ.

"ಎಲ್ಲ ಊರುಗಳಲ್ಲಿಯೂ ತೋರಿಸಿದೆನು. ಎಲ್ಲರೂ ಬಹಳ ಸುಂದರವಾಗಿದೆ ಎಂದರು. ಆಮೇಲೆ, ಇವರಿಗೆ ಎಲ್ಲವೂ ಇದೆಯಲ್ಲ, ನೀವು ಅಲ್ಲಿ ಏಕೆ ಇರಬೇಕು ಎಂದು ಕೇಳಿದರು." ಆಕೆ ಮಹಡಿಯ ಕಡೆ ನೋಡಿದರು. "ಕಾಣಿಕೆ ಬರಲಿಲ್ಲ. ನಾವು ಮನೆ ಬಿಡಬೇಕು."

ಗೆದ್ದವಳು ನಾನು. ನನ್ನ ಅನುಮಾನ ಅಕ್ಷರಶಃ ನಿಜವಾಗಿತ್ತು, ಆ ಚಂದಾ ನಿಂತಿದ್ದದ್ದೇ ನಮ್ಮ ಹಸಿವಿನ ಮೇಲೆ. ಆದರೆ ಅದನ್ನು ನನಗೆ ಋಜುವಾತು ಮಾಡಿಕೊಟ್ಟವರು ಆಕೆಯೇ, ತಮ್ಮ ಅನ್ನ ಕಳೆದುಕೊಂಡು. ಅಜ್ಜಿ, "ನಿಮ್ಮ ಅನ್ನಕ್ಕೆ ನಾನೇ ಕಲ್ಲು ಹಾಕಿದ ಹಾಗಾಯ್ತಲ್ಲಮ್ಮ" ಎಂದು ಅತ್ತೇಬಿಟ್ಟಳು. ಈ ಮಾತು ಬಾಗಿಲ ಹಿಂದೆ ಪೇಪರ್ ಓದುತ್ತಿದ್ದ ಅಪ್ಪನಿಗೂ ಕೇಳಿಸಿತು. ಪೇಪರ್ ಮಡಿಸಿದ ಸದ್ದು ಬಂತು, ಅಷ್ಟೇ.

ಅವರು ಹೊರಡುವ ದಿನ ಏಕಾದಶಿ ಬಿದ್ದಿತ್ತು. ಮೇಲೆ ಪಾತ್ರೆ, ಸ್ಟೌ ಎಲ್ಲ ಕಟ್ಟಿಯಾಗಿತ್ತು. ಹುಡುಗಿ ದಡದಡ ಇಳಿದು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತಳು. "ಅಜ್ಜಿ, ನಮ್ಮನೇಲಿ ಇವತ್ತು ಊಟ ಇಲ್ಲ."

ಅಜ್ಜಿ ಏಳುವ ಮುಂಚೆ ಅಪ್ಪ ಎದ್ದರು. ತಾವೇ ಹಿತ್ತಲಿಗೆ ಹೋಗಿ ಬಾಳೆ ಎಲೆ ಕೊಯ್ದು ತಂದರು, ತಾವೇ ಮೆಟ್ಟಿಲ ಬುಡದಲ್ಲಿ ನಿಂತು ಮೇಲಿನವರನ್ನು ಕರೆದರು. ಏಕಾದಶಿಯಾದ್ದರಿಂದ ಅನ್ನವಿರಲಿಲ್ಲ, ಮಿಕ್ಕವರಿಗೆಂದು ಅಮ್ಮ ಉಪ್ಪಿಟ್ಟು ಮಾಡಿದ್ದಳು. ಅಪ್ಪ ಸೌಟು ಹಿಡಿದು ಮೂವರಿಗೂ ಬಡಿಸಿದರು. ಆಕೆ ಕೈ ಹಾಕದೆ ಒಳಗೆ ನೋಡಿದರು.

"ಸಾರ್, ಅಜ್ಜಿಗೆ?"

"ಅಮ್ಮನಿಗೆ ಇವತ್ತು ಊಟ ಇಲ್ಲ" ಎಂದರು ಅಪ್ಪ.

"ನಾಳೆ ಇದೆ, ಅಲ್ವಾ ಸಾರ್?" ಮೊದಲ ಸಲ ಆಕೆ ನಮ್ಮ ಹಾಗೆ ಮಾತಾಡಿದರು.

"ನಾಳೆ ಇದೆಯಮ್ಮ" ಎಂದು ಅಪ್ಪ ಆಕೆಯ ಎಲೆಗೆ ಇನ್ನೊಂದು ಸೌಟು ಉಪ್ಪಿಟ್ಟು ಹಾಕಿದರು.